ನೈಟ್ರೋ ಬೋಟ್ ಕಟ್ಟಿ ಕೆರೆಗೆ ಬಿಟ್ಟಿದ್ದು

ರಿಮೋಟ್ ಬೋಟ್ ನೋಡಿದವರೆಲ್ಲ ಮೊದಲು ಕೇಳುವುದು ಒಂದೇ, ಲೀಟರ್‌ಗೆ ಎಷ್ಟು ಕೊಡುತ್ತೆ ಅಂತ. ಇದಕ್ಕೆ ಪೆಟ್ರೋಲ್ ಒಂದು ಹನಿಯೂ ಬೇಡ. ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ ಈ ಮೂರೂ ಸೇರಿದ ಇಂಧನ ಹಾಕಬೇಕು, ನೈಟ್ರೋ ಅನ್ನುವುದು ಇದನ್ನೇ. ಸ್ಪಾರ್ಕ್ ಪ್ಲಗ್ ಕೂಡ ಇಲ್ಲ, ಅದರ ಜಾಗದಲ್ಲಿ ಗ್ಲೋ ಪ್ಲಗ್ ಇದೆ. ಒಳಗೆ ಪ್ಲಾಟಿನಂ ಬೆರೆತ ಸಣ್ಣ ತಂತಿ ಸುರುಳಿ. ಸ್ಟಾರ್ಟ್ ಮಾಡುವಾಗ ಮಾತ್ರ ಒಂದೂವರೆ ವೋಲ್ಟ್ ಬ್ಯಾಟರಿ ಕೊಟ್ಟು ಅದನ್ನು ಕೆಂಪಗೆ ಮಾಡಬೇಕು. ಎಂಜಿನ್ ಹಿಡಿದ ಮೇಲೆ ಬ್ಯಾಟರಿ ತೆಗೆದರೂ ಸುರುಳಿ ಆರುವುದಿಲ್ಲ. ಪ್ಲಾಟಿನಂ ಮೇಲೆ ಮೆಥನಾಲ್ ಆವಿ ತಾಗುತ್ತಲೇ ಶಾಖ ಹುಟ್ಟುತ್ತದೆ, ಸಿಲಿಂಡರಿನ ಬಿಸಿಯೂ ಸೇರುತ್ತದೆ, ಸುರುಳಿ ತಾನಾಗೇ ಉರಿಯುತ್ತಾ ಇರುತ್ತದೆ.

ನೈಟ್ರೋಮೀಥೇನ್ ಯಾಕೆ ಬೇಕು ಅನ್ನುವುದಕ್ಕೂ ಸರಳ ಲೆಕ್ಕ ಇದೆ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಮೆಥನಾಲಿಗೆ 6.4 ಸಾಕು. ನೈಟ್ರೋಮೀಥೇನಿಗೆ ಬರೀ 1.7. ಅದರ ಅಣುವಿನೊಳಗೇ ಆಮ್ಲಜನಕ ಇದೆಯಲ್ಲ, ಅದಕ್ಕೆ. ಕೆ.ಜಿ. ಲೆಕ್ಕದಲ್ಲಿ ಅದರ ಶಕ್ತಿ ಪೆಟ್ರೋಲಿನ ಕಾಲು ಭಾಗದಷ್ಟೇ ಇರಬಹುದು. ಆದರೆ ಒಂದು ಪುಟ್ಟ ಎಂಜಿನ್ ಒಂದು ಸಲಕ್ಕೆ ಎಳೆದುಕೊಳ್ಳುವ ಗಾಳಿಗೆ ಮಿತಿ ಇದೆ. ಅಷ್ಟೇ ಗಾಳಿಯಲ್ಲಿ ಎಷ್ಟೋ ಪಟ್ಟು ಜಾಸ್ತಿ ಇಂಧನ ಉರಿಸಿದರೆ ಬಲ ಜಾಸ್ತಿ ಬರದೆ ಇನ್ನೇನು?

ಬ್ಯಾಟರಿ ಬೋಟ್ ಇವತ್ತು ಸುಲಭ. ಸದ್ದಿಲ್ಲ, ಹೊಗೆಯಿಲ್ಲ, ವೇಗವೂ ಕಡಿಮೆಯೇನಲ್ಲ. ಆದರೂ ನನಗೆ ನೈಟ್ರೋನೇ ಬೇಕಿತ್ತು, ಅದರದ್ದು ಟೂ ಸ್ಟ್ರೋಕ್ ಎಂಜಿನ್. ಮೈಸೂರಿನವನಿಗೆ ಟೂ ಸ್ಟ್ರೋಕ್ ಮೇಲೆ ಪ್ರೀತಿ ಇರುವುದು ಸಹಜ ಅಲ್ವಾ. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಿಂದ ಜಾವಾ, ಯೆಜ್ಡಿ ಟೂ ಸ್ಟ್ರೋಕ್ ಬೈಕುಗಳು ಹೊರಗೆ ಬಂದವು. ಕಿಕ್ ಹೊಡೆಯುವ ಲಿವರನ್ನೇ ಮಡಚಿದರೆ ಗೇರ್ ಲಿವರ್ ಆಗುವ ಆ ಗಾಡಿ ಇವತ್ತಿಗೂ ನಮ್ಮೂರ ರಸ್ತೆಯಲ್ಲಿ ಕಾಣುತ್ತದೆ. ನಮ್ಮ ಬೀದಿಯಲ್ಲಿ ಆ ಫ್ಯಾಕ್ಟರಿಯಲ್ಲಿ ದುಡಿದ ಹಿರಿಯರೊಬ್ಬರು ಇದ್ದಾರೆ. ಎಲ್ಲರೂ ಅವರನ್ನು ಯಜಮಾನ್ರು ಅಂತಲೇ ಕರೆಯುವುದು. ನನ್ನ ಬೋಟ್ ಓಡಿದ್ದರಲ್ಲಿ ಅವರ ಕಿವಿಯ ಪಾಲು ದೊಡ್ಡದು.

ಎಂಜಿನ್ 3.5 ಸಿಸಿಯದು. ಈ ಲೋಕದಲ್ಲಿ ಇದನ್ನು ಪಾಯಿಂಟ್ ಟ್ವೆಂಟಿಒನ್ ಅನ್ನುತ್ತಾರೆ, ಅಂದರೆ 0.21 ಘನ ಇಂಚು. ಬೋಟಿಗೆಂದೇ ಮಾಡಿದ ಎಂಜಿನ್. ತಲೆಯ ಮೇಲೆ ಗಾಳಿಗೆ ತಣಿಯುವ ರೆಕ್ಕೆಗಳಿಲ್ಲ, ನೀರು ಹರಿಯುವ ಜಾಕೆಟ್ ಇದೆ. ಬೋಟ್ ಓಡುವಾಗ ಚುಕ್ಕಾಣಿಯ ಕೆಳಗಿನ ತೂತಿಗೆ ನೀರು ನುಗ್ಗಿ, ಸಿಲಿಕೋನ್ ಕೊಳವೆಯಲ್ಲಿ ಹತ್ತಿ, ಎಂಜಿನ್ ತಲೆ ಸುತ್ತಿ, ಪಕ್ಕದ ತೂತಿನಿಂದ ಹೊರಗೆ ಚಿಮ್ಮುತ್ತದೆ. ಪಂಪ್ ಬೇಕಿಲ್ಲ. ಆ ಚಿಮ್ಮುವ ನೀರು ದಡದಿಂದ ಕಾಣುತ್ತಿರಬೇಕು, ನಿಂತರೆ ಬೋಟನ್ನು ತಕ್ಷಣ ದಡಕ್ಕೆ ತರಬೇಕು.

ಬಾಡಿಯನ್ನು ಫೈಬರ್‌ನಲ್ಲಿ ರೆಡಿಮೇಡ್ ತರಿಸಬಹುದಿತ್ತು. ನಾನು ಪ್ಲೈವುಡ್‌ನಲ್ಲೇ ಕಟ್ಟಿದೆ. ಮುಕ್ಕಾಲು ಮೀಟರ್ ಉದ್ದ, ತಳ ವಿ ಆಕಾರ. ಒಳಗಿನ ಅಡ್ಡ ತಡಿಕೆಗಳಿಗೆ 3 ಮಿ.ಮೀ. ಪ್ಲೈ, ಮೇಲಿನ ಹೊದಿಕೆಗೆ ಅದರ ಅರ್ಧ ದಪ್ಪದ್ದು. ಎಲ್ಲಾ ಕಡೆ ಎಪಾಕ್ಸಿ ಅಂಟು. ಒಳಗೂ ಎಪಾಕ್ಸಿ ಬಳಿಯಬೇಕು. ಇಲ್ಲದಿದ್ದರೆ ಇಂಧನ ಮರಕ್ಕೆ ಇಳಿದು ಬಾಡಿ ಮೆತ್ತಗಾಗುತ್ತದೆ. ಬಣ್ಣದ ವಿಷಯದಲ್ಲೂ ಹಾಗೇ. ಸಾಮಾನ್ಯ ಎನಾಮೆಲ್ ಪೇಂಟನ್ನು ನೈಟ್ರೋ ಇಂಧನ ಎಬ್ಬಿಸಿಬಿಡುತ್ತದೆ. ಕಾರಿಗೆ ಹೊಡೆಯುವ, ಹಾರ್ಡ್‌ನರ್ ಬೆರೆಸಿದ ಪೇಂಟೇ ಬೇಕು. ಟಿಂಕರಿಂಗ್ ಅಂಗಡಿಯವರು ಒಂದು ಕಾರಿಗೆ ಹೊಡೆಯುವಾಗ ಪಕ್ಕದಲ್ಲಿ ಇದನ್ನೂ ಇಟ್ಟು ಹೊಡೆದುಕೊಟ್ಟರು. ಹಾಗಾಗಿ ನನ್ನ ಬೋಟಿಗೆ ಯಾರದೋ ಕಾರಿನ ಕೆಂಪು ಬಣ್ಣ ಬಂತು. ತುಂಬಾ ಚೆನ್ನಾಗಿದೆ.

ಬಾಡಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಹಿಂಬದಿಯ ತಳದ ಅಂಚಿನ ಮೇಲೆ. ತಳ ಮುಗಿದು ಹಿಂಬದಿಯ ಹಲಗೆ ಶುರುವಾಗುವ ಜಾಗ ಅದು. ಆ ಮೂಲೆ ಚೂಪಾಗಿ ಇರಬೇಕು. ಉಜ್ಜಿ ಉಜ್ಜಿ ದುಂಡಗಾದರೆ ನೀರು ಅಲ್ಲಿ ಬಿಟ್ಟುಕೊಳ್ಳದೆ ಅಂಚನ್ನು ಹಿಡಿದುಕೊಂಡು ಮೇಲಕ್ಕೆ ತಿರುಗುತ್ತದೆ, ಬೋಟಿನ ಹಿಂಭಾಗವನ್ನು ಕೆಳಕ್ಕೆ ಎಳೆಯುತ್ತದೆ. ಅದಕ್ಕೇ ಅಂಚಿಗೆ ಟೇಪ್ ಕಟ್ಟಿ, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮರದ ತುಂಡಿಗೆ ಉಪ್ಪು ಕಾಗದ ಸುತ್ತಿ ಚಪ್ಪಟೆಯಾಗಿ ಉಜ್ಜಿದೆ. ಉಗುರಿನ ಮೇಲೆ ಎಳೆದರೆ ಉಗುರು ಹೆರೆಯಬೇಕು, ಅಷ್ಟು ಚೂಪು. ಮೂತಿಯೊಳಗೆ ನೀರು ಕುಡಿಯದ ಫೋಮ್ ತುಂಬಿದೆ. ಬೋಟ್ ಮಗುಚಿದರೂ ಮುಳುಗಬಾರದಲ್ಲ.

ಎಂಜಿನ್ನಿಂದ ಪ್ರೊಪೆಲ್ಲರ್‌ಗೆ ಬಲ ಹೋಗುವುದು ಉಕ್ಕಿನ ತಂತಿ ಹೆಣೆದ ಫ್ಲೆಕ್ಸ್ ಕೇಬಲ್ ಮೂಲಕ. ದಪ್ಪ 3.8 ಮಿ.ಮೀ. ಹಿತ್ತಾಳೆ ಕೊಳವೆಯೊಳಗೆ, ಗ್ರೀಸ್ ಬಳಿದುಕೊಂಡು, ಮೆಲ್ಲಗೆ ಬಾಗಿ ಬೋಟಿನ ಹಿಂದೆ ಬರುತ್ತದೆ. ಅಲ್ಲಿ ಸ್ಟ್ರಟ್ ಅನ್ನುವ ಬೇರಿಂಗ್ ತುಂಡು ಅದನ್ನು ಹಿಡಿದಿರುತ್ತದೆ. ಈ ಕೇಬಲ್ ಭಾರ ಬಿದ್ದಾಗ ತಿರುಚಿಕೊಂಡು ಸ್ವಲ್ಪ ಗಿಡ್ಡವಾಗುತ್ತದೆ. ಅದಕ್ಕೇ ಪ್ರೊಪೆಲ್ಲರ್ ಮುಂದಿನ ಹಿಡಿಕೆಗೂ ಸ್ಟ್ರಟ್‌ಗೂ ನಡುವೆ 3 ಮಿ.ಮೀ. ಜಾಗ ಬಿಟ್ಟೇ ಜೋಡಿಸಬೇಕು. ಸ್ಟ್ರಟ್ಟನ್ನೂ ಚುಕ್ಕಾಣಿಯ ಹಿಡಿಕೆಯನ್ನೂ ಅಲ್ಯುಮಿನಿಯಂನಲ್ಲಿ ಮಾಡಿಕೊಟ್ಟವರು ಬನ್ನಿಮಂಟಪದ ಕಡೆಯ ಒಂದು ಲೇತ್ ಅಂಗಡಿಯವರು. ನಾನು ಕೊಟ್ಟ ಅಳತೆ ನೋಡಿ, "ಇಷ್ಟ್ ಸಣ್ಣದಕ್ಕೆ ಇಷ್ಟ್ ಸ್ಪೀಡಾ? ಹಂಗಾದ್ರೆ ಬುಷ್ ನಾನೇ ಬೇರೆ ಹಾಕ್ತೀನಿ ಬಿಡಿ ಸಾರ್" ಅಂದು ಫಾಸ್ಫರ್ ಬ್ರಾಂಜ್ ಬುಷ್ ಕೂರಿಸಿಕೊಟ್ಟರು. ಅದು ಇನ್ನೂ ಸವೆದಿಲ್ಲ.

ಇನ್ನು ಪ್ರೊಪೆಲ್ಲರ್. ಇದರ ಬಗ್ಗೆ ಎಷ್ಟು ಬರೆದರೂ ಸಾಲದು. ನಾನು ತರಿಸಿದ್ದು ಆಕ್ಟುರಾ ಕಂಪನಿಯ ಎಕ್ಸ್ 440. ಸಂಖ್ಯೆಯಲ್ಲೇ ಲೆಕ್ಕ ಇದೆ. ಕೊನೆಯ 40 ಅಂದರೆ ವ್ಯಾಸ 40 ಮಿ.ಮೀ. ಮೊದಲ 4 ಅಂದರೆ ಪಿಚ್ ಆ ವ್ಯಾಸದ 1.4 ಪಟ್ಟು, ಅಂದರೆ 56 ಮಿ.ಮೀ. ಒಂದು ಸುತ್ತು ತಿರುಗಿದರೆ ಲೆಕ್ಕದ ಪ್ರಕಾರ ಬೋಟ್ 56 ಮಿ.ಮೀ. ಮುಂದೆ ಹೋಗಬೇಕು. ನಿಮಿಷಕ್ಕೆ 22,000 ಸುತ್ತಾದರೆ ಗಂಟೆಗೆ ಸುಮಾರು 74 ಕಿ.ಮೀ. ನೀರು ಜಾರುತ್ತದೆ, ಹಾಗಾಗಿ ಅದರಲ್ಲಿ ಹದಿನೈದು ಇಪ್ಪತ್ತು ಪರ್ಸೆಂಟ್ ಕಳೆಯಬೇಕು. ಕೈಗೆ ಸಿಗುವುದು 60ರ ಆಸುಪಾಸು.

ಪ್ರೊಪೆಲ್ಲರ್ ಬರುವುದು ಎರಕದ ಮೊಂಡು ತುಂಡಾಗಿ. ಅದನ್ನು ಹಾಗೇ ಹಾಕಲು ಆಗುವುದಿಲ್ಲ. ಅಂಚು ಚೂಪು ಮಾಡಬೇಕು, ಎರಡೂ ಎಲೆಗಳ ತೂಕ ಸರಿಮಾಡಬೇಕು. ಅದು ಬೆರಿಲಿಯಂ ಬೆರೆತ ತಾಮ್ರ. ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಅದಕ್ಕೆ ನಾನು ಗ್ರೈಂಡರ್ ಮುಟ್ಟಲೇ ಇಲ್ಲ. ಬಕೆಟ್ ತುಂಬ ನೀರು ಇಟ್ಟುಕೊಂಡು, ಗ್ಲೌಸ್ ಹಾಕಿ, ಮಾಸ್ಕ್ ಕಟ್ಟಿ, ನೀರಿನೊಳಗೇ ಸಣ್ಣ ಅರದಿಂದ ಉಜ್ಜಿದೆ. ಎಲೆಯ ಮುಂದಿನ ಅಂಚನ್ನು ಬೋಟಿನ ಕಡೆಗಿರುವ ಮುಖದಿಂದ ಮಾತ್ರ ತೆಳ್ಳಗೆ ಮಾಡುತ್ತಾ ಹೋಗಬೇಕು, ನೀರನ್ನು ತಳ್ಳುವ ಮುಖವನ್ನು ಮುಟ್ಟಬಾರದು. ಆಮೇಲೆ ಒಂದು ತೆಳು ಕಡ್ಡಿಗೆ ಸಿಕ್ಕಿಸಿ ಎರಡು ಬ್ಲೇಡುಗಳ ಮೇಲೆ ಅಡ್ಡ ಇಟ್ಟರೆ ಭಾರದ ಎಲೆ ಕೆಳಗೆ ತಿರುಗುತ್ತದೆ. ಆ ಎಲೆಯನ್ನು ಇನ್ನಷ್ಟು ಉಜ್ಜಿ, ಮತ್ತೆ ಇಟ್ಟು ನೋಡಿ, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ತನಕ ಮಾಡಬೇಕು. 22,000 ಸುತ್ತಿನಲ್ಲಿ ಅರ್ಧ ಗ್ರಾಂ ಹೆಚ್ಚುಕಮ್ಮಿ ಇದ್ದರೂ ಇಡೀ ಬೋಟ್ ನಡುಗಿ, ಟ್ಯಾಂಕಿನಲ್ಲಿ ಇಂಧನ ನೊರೆಯಾಗುತ್ತದೆ. ನೊರೆ ಕಾರ್ಬೊರೇಟರಿಗೆ ಹೋದರೆ ಎಂಜಿನ್ ಸೊರಗುತ್ತದೆ.

ರೇಡಿಯೋ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2.4 ಗಿಗಾಹರ್ಟ್ಸ್ ರಿಮೋಟ್, ರಿಮೋಟ್ ಹೇಳಿದಂತೆ ತಿರುಗುವ ಎರಡು ಪುಟ್ಟ ಮೋಟರ್ ಅಂದರೆ ಸರ್ವೋ, ಒಂದು ಚುಕ್ಕಾಣಿಗೆ ಒಂದು ಥ್ರಾಟಲ್‌ಗೆ. ಈ ಅಲೆಗಳು ನೀರಿನೊಳಗೆ ಹೋಗುವುದಿಲ್ಲ, ಆಂಟೆನಾ ಮೇಲಕ್ಕೆ ನಿಂತಿರಬೇಕು. ರಿಸೀವರನ್ನು ಹುಟ್ಟುಹಬ್ಬದ ಬಲೂನಿನೊಳಗೆ ತುರುಕಿ ಬಾಯಿ ಕಟ್ಟಿದೆ. ಹಳೇ ಉಪಾಯ, ಆದರೆ ನೀರು ಸುಳಿಯುವುದಿಲ್ಲ. ಸಿಗ್ನಲ್ ತಪ್ಪಿದರೆ ಥ್ರಾಟಲ್ ತಾನೇ ಮುಚ್ಚುವ ಹಾಗೆ ಸೆಟ್ ಮಾಡಿದ್ದೇನೆ. ಅದಿಲ್ಲದೆ ಯಾರೂ ಇಂಥ ಬೋಟನ್ನು ನೀರಿಗೆ ಬಿಡಲೇಬಾರದು. ದಡದಲ್ಲಿ ಮಕ್ಕಳು ಇರುತ್ತಾರೆ.

ಎಲ್ಲಿ ಬಿಡುವುದು ಅನ್ನುವುದೇ ದೊಡ್ಡ ಪ್ರಶ್ನೆ. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳು ಹಕ್ಕಿಗಳ ಜಾಗ. ಅಲ್ಲಿ ಟೂ ಸ್ಟ್ರೋಕ್ ಎಂಜಿನ್ ಕಿರುಚಿಸುವ ಯೋಚನೆಯೇ ತಪ್ಪು. ತೊಣ್ಣೂರು ಕೆರೆಗೆ ಜನ ಈಜಲು ಬರುತ್ತಾರೆ. ಕೊನೆಗೆ ಮಂಡ್ಯ ಜಿಲ್ಲೆಯ ಸ್ನೇಹಿತ, "ನಮ್ಮೂರ್ ಕೆರೆಗ್ ಬಾ ಮಗಾ, ನಮ್ ಚಿಕ್ಕಪ್ಪನ್ನ ಕೇಳಾಣ" ಅಂದ. ಪಾಂಡವಪುರದ ಕಡೆಯ ಊರು. ಮೀನು ಹಿಡಿಯಲು ಟೆಂಡರ್ ತೆಗೆದುಕೊಂಡವರನ್ನೂ ಊರಿನ ದೊಡ್ಡವರನ್ನೂ ಕೇಳಿ ಒಪ್ಪಿಗೆ ಪಡೆದೆವು. ದನ ನೀರು ಕುಡಿಯುವ ಕಡೆ ಹೋಗಬಾರದು, ಬಲೆ ಬಿಟ್ಟ ದಿನ ಬರಬಾರದು ಅಂದರು. ಎರಡೂ ನ್ಯಾಯವಾದ ಮಾತು. ಹಕ್ಕಿ ಇಳಿದಿದ್ದರೆ ನಾವೂ ಸುಮ್ನೆ ಕೂತು ಕಾಯುತ್ತೇವೆ, ಇಲ್ಲವೇ ವಾಪಸ್ ಬರುತ್ತೇವೆ.

ಹೊಸ ಎಂಜಿನ್ ಒಳಗೆ ಹಿತ್ತಾಳೆ ಸಿಲಿಂಡರ್, ಅದರ ಮೇಲೆ ಕ್ರೋಮ್ ಲೇಪ, ಅಲ್ಯುಮಿನಿಯಂ ಪಿಸ್ಟನ್. ರಿಂಗ್ ಇಲ್ಲ. ತಣ್ಣಗಿದ್ದಾಗ ಪಿಸ್ಟನ್ ಮೇಲಕ್ಕೆ ಬಂದರೆ ಕಚ್ಚಿ ಹಿಡಿಯುತ್ತದೆ. ಬಿಸಿಯಾದಾಗ ಸಿಲಿಂಡರ್ ಹಿಗ್ಗಿ ಸರಿಯಾದ ಸಡಿಲ ಬರುವ ಹಾಗೇ ಅದನ್ನು ಮಾಡಿರುತ್ತಾರೆ. ಅದಕ್ಕೆ ಸ್ಟಾರ್ಟ್ ಮಾಡುವ ಮೊದಲು ಹೇರ್ ಡ್ರೈಯರ್‌ನಿಂದ ಎಂಜಿನ್ ಬೆಚ್ಚಗೆ ಮಾಡಿಕೊಳ್ಳಬೇಕು. ಮನೆಯಲ್ಲಿ ಮೊದಲ ಸಲ ಸ್ಟಾರ್ಟ್ ಮಾಡುವಾಗ ಯಜಮಾನ್ರು ಬಂದು ಸ್ಟೂಲ್ ಎಳೆದುಕೊಂಡು ಕೂತರು. ಫ್ಲೈವೀಲ್ ಚಕ್ರದ ತೋಡಿಗೆ ಬೆಲ್ಟ್ ಸಿಕ್ಕಿಸಿ, 12 ವೋಲ್ಟ್ ಸ್ಟಾರ್ಟರ್ ಒತ್ತಿದೆ. ಎಂಜಿನ್ ಹಿಡಿಯಿತು. ನೀರಿಲ್ಲದೆ ಹೆಚ್ಚು ಹೊತ್ತು ಓಡಿಸುವ ಹಾಗಿಲ್ಲ, ಕೆಲವೇ ಸೆಕೆಂಡು. ಅಷ್ಟರಲ್ಲೇ ಮನೆ ತುಂಬ ಹರಳೆಣ್ಣೆ ವಾಸನೆ.

ಹೌದು, ಹರಳೆಣ್ಣೆಯೇ. ಈ ಇಂಧನದಲ್ಲಿ ಎಣ್ಣೆಯ ಪಾಲು ಐದರಲ್ಲಿ ಒಂದರಷ್ಟಿದೆ, ಅದರಲ್ಲಿ ಹರಳೆಣ್ಣೆಯೂ ಇರುತ್ತದೆ. ಎಂಜಿನ್ ಅತಿಯಾಗಿ ಕಾದಾಗ ಬೇರೆ ಎಣ್ಣೆ ಕೈಕೊಟ್ಟರೂ ಹರಳೆಣ್ಣೆಯ ಪದರ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. "ಚಿಕ್ಕೋರಾಗಿದ್ದಾಗ ನಮ್ಮವ್ವ ತಲೆಗೆ ಹಾಕೋರು, ಈಗ ನೀನ್ ಎಂಜಿನ್ನಿಗೆ ಹಾಕ್ತಾ ಇದ್ದೀಯ" ಅಂತ ಯಜಮಾನ್ರು ನಕ್ಕರು. ಆಮೇಲೆ ಎಂಜಿನ್ ಹಿಂದಿನ ಉದ್ದ ಉಬ್ಬಿದ ಪೈಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇದನ್ನ ಸೈಲೆನ್ಸರ್ ಅಂದ್ಕೋಬೇಡ ಅಪ್ಪಾ. ಟೂ ಸ್ಟ್ರೋಕಲ್ಲಿ ಇದೂ ಎಂಜಿನ್ನೇ."

ಆ ಮಾತಿನ ಅರ್ಥ ಹೀಗೆ. ಎಕ್ಸಾಸ್ಟ್ ತೆರೆದಾಗ ಒತ್ತಡದ ಅಲೆಯೊಂದು ಪೈಪಿನಲ್ಲಿ ಓಡುತ್ತದೆ. ಪೈಪ್ ಅಗಲವಾಗುವಾಗ ಅದು ಸಿಲಿಂಡರಿನಿಂದ ಹೊಗೆಯನ್ನು ಎಳೆಯುತ್ತದೆ. ಮತ್ತೆ ಕಿರಿದಾಗುವ ಕಡೆ ಬಡಿದು ವಾಪಸ್ ಬರುತ್ತದೆ. ಅಷ್ಟರಲ್ಲಿ ಹೊಸ ಇಂಧನ ಸ್ವಲ್ಪ ಎಕ್ಸಾಸ್ಟ್ ಮೂಲಕ ಹೊರಗೆ ಸೋರಿರುತ್ತದೆ. ವಾಪಸ್ ಬಂದ ಅಲೆ ಅದನ್ನು ಬಾಗಿಲು ಮುಚ್ಚುವ ಮೊದಲೇ ಸಿಲಿಂಡರಿಗೆ ತಳ್ಳುತ್ತದೆ. ಅಲೆ ಸರಿಯಾದ ಹೊತ್ತಿಗೆ ಬರಬೇಕಾದರೆ ಪೈಪಿನ ಉದ್ದ ಸರಿ ಇರಬೇಕು. ಉದ್ದ ಕಮ್ಮಿ ಮಾಡಿದರೆ ಬಲ ಹೆಚ್ಚಿನ ಸುತ್ತಿನಲ್ಲಿ ಸಿಗುತ್ತದೆ, ಜಾಸ್ತಿ ಮಾಡಿದರೆ ಕಡಿಮೆ ಸುತ್ತಿನಲ್ಲೇ ಎಳೆತ ಸಿಗುತ್ತದೆ.

ನನಗೆ ಈ ಕೆಲಸದಲ್ಲಿ ಅತಿ ಮುಖ್ಯ ಅನಿಸಿದ್ದು ಇದೇ. ಎಂಜಿನ್, ಪೈಪ್, ಪ್ರೊಪೆಲ್ಲರ್, ನೀರು ಇವನ್ನು ಬೇರೆ ಬೇರೆಯಾಗಿ ಸೆಟ್ ಮಾಡಲು ಬರುವುದಿಲ್ಲ. ಮೇಜಿನ ಮೇಲೆ ಎಷ್ಟೇ ಚೆನ್ನಾಗಿ ಓಡಿದರೂ ಅದು ಲೆಕ್ಕಕ್ಕಿಲ್ಲ. ಕೆರೆಯ ಮೇಲೆ ಭಾರ ಬಿದ್ದಾಗ ಏನಾಗುತ್ತದೆ ಅನ್ನುವುದೇ ಲೆಕ್ಕ.

ಬೋಟ್ ನಿಂತಿದ್ದಾಗ ಪ್ರೊಪೆಲ್ಲರ್ ಪೂರ್ತಿ ನೀರಿನಲ್ಲಿ ಮುಳುಗಿರುತ್ತದೆ, ಭಾರ ಜಾಸ್ತಿ. ಎದ್ದು ಓಡತೊಡಗಿದಾಗ ಅರ್ಧ ನೀರಿನೊಳಗೆ, ಅರ್ಧ ಗಾಳಿಯಲ್ಲಿ. ಹೀಗೆ ಉದ್ದ ಹೊಂದಿಸಿದ ಪೈಪ್, ಅಂದರೆ ಟ್ಯೂನ್ಡ್ ಪೈಪ್ ಇರುವ ಎಂಜಿನ್ನಿಗೆ ಕೆಳಗಿನ ಸುತ್ತಿನಲ್ಲಿ ಬಲವೇ ಇಲ್ಲ. ಹಾಗಾಗಿ ಮೆಲ್ಲಗೆ ನೀರಿಗೆ ಇಟ್ಟರೆ ಗೊರಗೊರ ಅಂದು ಆಫ್ ಆಗುತ್ತದೆ. ಒಬ್ಬರು ಮೊಣಕಾಲುದ್ದ ನೀರಿನಲ್ಲಿ ನಿಂತು, ಎಂಜಿನ್ ಕಿರುಚುತ್ತಿರುವಾಗಲೇ, ಪ್ರೊಪೆಲ್ಲರ್‌ನಿಂದ ಕೈ ದೂರ ಇಟ್ಟು, ಬೋಟನ್ನು ಚಪ್ಪಟೆಯಾಗಿ ಮುಂದಕ್ಕೆ ಎಸೆಯಬೇಕು. ಈ ಕೆಲಸಕ್ಕೆ ಸ್ನೇಹಿತನಷ್ಟು ಪಳಗಿದ ಕೈ ನಾನು ನೋಡಿಲ್ಲ. ಗದ್ದೆಗೆ ಗೊಬ್ಬರ ಎರಚಿ ಅಭ್ಯಾಸ ಇರುವವನು.

ಮೊದಮೊದಲು, ಇಂಧನ ಹೆಚ್ಚುಕಮ್ಮಿ ಮಾಡುವ ಕಾರ್ಬೊರೇಟರಿನ ನೀಡಲ್ಲನ್ನು ಬೇಕೆಂದೇ ರಿಚ್, ಅಂದರೆ ಇಂಧನ ಜಾಸ್ತಿ ಹೋಗುವ ಹಾಗೆ ಇಟ್ಟು, ಸಣ್ಣ ಪ್ರೊಪೆಲ್ಲರ್ ಹಾಕಿ, ದಟ್ಟ ಬಿಳಿ ಹೊಗೆ ಬಿಡಿಸಿಕೊಂಡು ಓಡಿಸಿದೆ. ಬಿಸಿ ಮಾಡುವುದು, ತಣಿಸುವುದು, ಮತ್ತೆ ಬಿಸಿ ಮಾಡುವುದು. ಪಿಸ್ಟನ್ ಸಿಲಿಂಡರ್ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಇಷ್ಟೇ. ನಂತರ ಎಕ್ಸ್ 440 ಹಾಕಿ ನೀಡಲ್ ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಬಂದೆ, ಒಂದು ಸಲಕ್ಕೆ ಗಡಿಯಾರದ ಮುಖದ ಒಂದು ಗಂಟೆ ಗುರುತಿನಷ್ಟು ಮಾತ್ರ ತಿರುಗಿಸಿ. ಎಂಜಿನ್ ಜೊತೆ ಬಂದ ಪುಸ್ತಕದ ಅಳತೆ ನಮ್ಮ ಕಡೆಗೆ ಸರಿಹೊಂದುವುದಿಲ್ಲ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ, ಪಾಂಡವಪುರವೂ ಹೆಚ್ಚು ಕೆಳಗಿಲ್ಲ. ಗಾಳಿ ತೆಳು, ಹಾಗಾಗಿ ಇಂಧನವೂ ಕಮ್ಮಿ ಬೇಕು. ಧನುರ್ಮಾಸದ ಬೆಳಗಿನ ಚಳಿಯಲ್ಲಿ ಗಾಳಿ ದಟ್ಟ, ಸ್ವಲ್ಪ ತೆರೆಯಬೇಕು. ಬಿಸಿಲೇರಿದ ಮೇಲೆ ಮತ್ತೆ ಮುಚ್ಚಬೇಕು.

ಒಂದು ಭಾನುವಾರ ಯಜಮಾನ್ರನ್ನೂ ಕರೆದುಕೊಂಡು ಹೋದೆವು. ಏರಿಯ ಮೇಲೆ ಹುಣಸೆ ಮರದ ಕೆಳಗೆ ಕೂತರು. ಬೋಟ್ ನೋಡಲೇ ಇಲ್ಲ ಅನ್ನಬಹುದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ನೇರ ಓಟದ ಕೊನೆಯಲ್ಲಿ ಸ್ವರ ಏರಿ, ಒಂದು ಕ್ಷಣ ನಿಂತು, ಕೂದಲೆಳೆಯಷ್ಟು ಇಳಿಯಿತು. "ಹೊಟ್ಟೆ ಹಸಿದಿದೆ ಅದಕ್ಕೆ. ಬಿಡು, ಜಾಸ್ತಿ ಬಿಡು" ಅಂದರು. ದಡಕ್ಕೆ ತಂದು ಪ್ಲಗ್ ಬಿಚ್ಚಿದರೆ ಸುರುಳಿಯ ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿತ್ತು. ಅವರು ಹೇಳಿದ್ದು ಸರಿ. ಸರಿಯಾಗಿ ಇಂಧನ ಸಿಗುತ್ತಿದ್ದರೆ ಸುರುಳಿ ಒದ್ದೆಯಾಗಿ ಹೊಳೆಯುತ್ತಿರುತ್ತದೆ. ನೀಡಲ್ ತೆರೆದು ಮತ್ತೆ ಬಿಟ್ಟೆವು. ಸ್ವರ ಕೊನೆಯವರೆಗೂ ಒಂದೇ ಹದದಲ್ಲಿ ನಿಂತಿತು, ಹಿಂದೆ ತೆಳು ಹೊಗೆಯ ಗೆರೆ.

ತಿರುವಿನಲ್ಲಿ ಬೇರೆ ಸಮಸ್ಯೆ. ಈ ರೇಸುಗಳಲ್ಲಿ ಬೋಟ್ ಓಡುವುದು ಗಡಿಯಾರದ ದಿಕ್ಕಿನಲ್ಲಿ, ಅಂದರೆ ಎಲ್ಲಾ ತಿರುವೂ ಬಲಕ್ಕೆ. ಅದಕ್ಕೆ ಬಲಗಡೆ ನೀರು ಕಚ್ಚಿ ಹಿಡಿಯುವ ಒಂದು ಫಿನ್ ಹಾಕಿರುತ್ತಾರೆ. ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಎಡಕ್ಕೆ ತಿರುಗುವುದರಿಂದ ಬೋಟಿನ ಬಲಗಡೆ ಕೆಳಗೆ ವಾಲುತ್ತದೆ. ರಿಸೀವರಿನ ಬ್ಯಾಟರಿಯನ್ನು ಎಡಕ್ಕೆ ಸರಿಸಿ ಅದನ್ನು ಸರಿದೂಗಿಸಿದೆ. ತಿರುವಿನಲ್ಲಿ ಭಾರ ಹೆಚ್ಚಿ ಎಂಜಿನ್ ಸುತ್ತು ಇಳಿದು, ಹೊರಬರುವಾಗ ತಡವರಿಸುತ್ತಿತ್ತು. ಪೈಪನ್ನು 3 ಮಿ.ಮೀ. ಉದ್ದ ಮಾಡಿದೆ, ಇನ್ನೊಂದು 3 ಮಿ.ಮೀ. ಮಾಡಿದೆ. ನೇರ ಓಟದಲ್ಲಿ ವೇಗ ಚೂರು ಕಮ್ಮಿಯಾಯಿತು, ತಿರುವಿನಿಂದ ಮಾತ್ರ ಚಿಮ್ಮಿ ಹೊರಗೆ ಬಂತು. ಒಟ್ಟಿನಲ್ಲಿ ಬೋಟ್ ಒಂದು ಸುತ್ತು ಓಡಿ ಬರುವ ಹೊತ್ತು ಇಳಿಯಿತು. ರೇಸಿಗೆ ಅದೇ ಬೇಕಾದದ್ದು.

ಓಡುವಾಗ ಬೋಟಿನ ಮೂತಿಯೂ ಕುಪ್ಪಳಿಸುತ್ತಿತ್ತು, ಅದು ನಿಂತದ್ದು ತೂಕ ಸರಿಮಾಡಿದ ಮೇಲೆ. ಬೋಟಿನ ತೂಕದ ನಡುಬಿಂದು ಹಿಂಬದಿಯಿಂದ ಉದ್ದದ ಶೇಕಡಾ 30ರ ಸುತ್ತ ಇರಬೇಕು, ನನ್ನದಕ್ಕೆ 22 ಸೆಂ.ಮೀ.ಗೆ ಸ್ವಲ್ಪ ಮುಂದೆ ಬಂತು. ಸ್ಟ್ರಟ್ ಕೋನವನ್ನೂ ಒಂದು ಚೂರು ಬದಲಿಸಿದೆ.

ಕೆರೆಯ ಅಂತರಗಂಗೆ ಕಳೆ ಮಾತ್ರ ಯಾವ ಸೆಟ್ಟಿಂಗಿಗೂ ಜಗ್ಗುವುದಿಲ್ಲ. ಒಂದು ಬೇರು ಪ್ರೊಪೆಲ್ಲರ್‌ಗೆ ಸುತ್ತಿದರೆ ನಡು ಕೆರೆಯಲ್ಲಿ ಬೋಟ್ ನಿಂತುಬಿಡುತ್ತದೆ. ಆಗ ಮೀನು ಹಿಡಿಯುವ ಅಣ್ಣನೇ ದಿಕ್ಕು. ತೆಪ್ಪ ತಿರುಗಿಸುತ್ತಾ ಹೋಗಿ, ಬೋಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಾರೆ. ದುಡ್ಡು ಕೊಡಲು ಹೋದರೆ, "ಅದೆಲ್ಲ ಬ್ಯಾಡ, ಇನ್ನೊಂದ್ ಸುತ್ ಬುಡ್ರಿ, ಹುಡುಗ್ರು ನೋಡ್ಲಿ" ಅನ್ನುತ್ತಾರೆ.

ಓಡಿಸಿದ ದಿನ ಸಂಜೆ ಎಂಜಿನ್ ಹಾಗೇ ಇಡಬಾರದು. ಮೆಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನೈಟ್ರೋ ಉರಿದ ಮೇಲೆ ಉಳಿಯುವ ಆಮ್ಲ ಬೇರಿಂಗ್ ತಿನ್ನುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಉಳಿದದ್ದನ್ನು ಉರಿಸಿ ಮುಗಿಸಿ, ಒಳಗೆ ಎಣ್ಣೆ ಬಿಟ್ಟು ಕೈಯಲ್ಲಿ ತಿರುಗಿಸಬೇಕು. ಕೇಬಲ್ ಹೊರಗೆ ಎಳೆದು ಒರೆಸಿ ಹೊಸ ಗ್ರೀಸ್ ಹಚ್ಚಬೇಕು. ಇಂಧನದ ಕ್ಯಾನ್ ಬೀಗ ಹಾಕಿದ ಕಪಾಟಿನಲ್ಲಿ ಇಡುತ್ತೇನೆ. ಮೆಥನಾಲ್ ವಿಷ, ಚರ್ಮದ ಮೂಲಕವೂ ಮೈ ಸೇರುತ್ತದೆ. ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ತುಂಬುವಾಗ ಹತ್ತಿರ ಬೀಡಿ ಸಿಗರೇಟು ಯಾರದ್ದೂ ಇರಬಾರದು, ಪಕ್ಕದಲ್ಲಿ ಬಕೆಟ್ ನೀರು ಇರಲೇಬೇಕು.

ಈಗ ಎಕ್ಸ್ 442 ಒಂದು ಬಂದಿದೆ, ವ್ಯಾಸ 2 ಮಿ.ಮೀ. ಜಾಸ್ತಿ. ಅದನ್ನು ಈ ಎಂಜಿನ್ ಎಳೆಯುತ್ತೋ ಇಲ್ಲವೋ ನೋಡಬೇಕು. ಪೈಪ್ ಇನ್ನೂ ಉದ್ದ ಮಾಡಬೇಕಾಗುತ್ತೆ ಅಂತ ಯಜಮಾನ್ರು ಹೇಳುತ್ತಿದ್ದಾರೆ, ಈಗಿರುವಷ್ಟೇ ಸಾಕು ಅಂತ ನಾನು. ನಾಲೆ ನೀರು ಬಂದು ಕೆರೆ ತುಂಬಿದ ಕೂಡಲೇ ಇಬ್ಬರೂ ಹೋಗಿ ಕೇಳಿಬಿಡುತ್ತೇವೆ.